ಕಮ್ಯುನಿಸ್ಟ್ ಗಿಡದ ಜಾಡು ಬರೆದಿಟ್ಟ ನನ್ನ ಅನುಭವ

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ನಾವು ಕಮ್ಯುನಿಸ್ಟ್ ಗಿಡ ಅಥವಾ ಯುಪಟೋರಿಯಂ ಎಂದು ಕರೆಯುವ ಕಳೆಯ ಈಗಿನ ಶಾಸ್ತ್ರೀಯ ಹೆಸರು ಕ್ರೊಮೊಲೀನಾ ಓಡೊರಾಟಾ. ಅಮೆರಿಕ ಖಂಡದ ಈ ಸಸ್ಯ ಬಿಸಿಲು ಬೀಳುವ ತೋಟದಂಚಿನಲ್ಲಿಯೂ ರಸ್ತೆ ಬದಿಯಲ್ಲಿಯೂ ಆಳೆತ್ತರದ ಪೊದೆಯಾಗಿ ಬೆಳೆದು, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಮೇವಾಗುತ್ತದೆ. ಮೂರು ವರ್ಷಗಳಿಂದ ನಮ್ಮ ತೋಟದಿಂದ ಹಳ್ಳದವರೆಗಿನ ದಾರಿಯಲ್ಲಿ ಅದು ಎಲ್ಲೆಲ್ಲಿದೆ ಎಂಬುದನ್ನು ದಾಖಲಿಸುತ್ತಿದ್ದೇನೆ.

ಮೊದಲ ವರ್ಷ ಹೂವನ್ನೇ ನಂಬಿ ಡಿಸೆಂಬರ್‌ನಲ್ಲಿ ಹೊರಟೆ. ಮೊಣಕಾಲೆತ್ತರದ, ತಿಳಿನೇರಳೆ ಹೂವಿನ ಗಿಡಗಳನ್ನೆಲ್ಲ ಇದರ ಎಳೆಯ ಗಿಡಗಳೆಂದು ಬರೆದುಕೊಂಡೆ. ಅವುಗಳಲ್ಲಿ ಹನ್ನೊಂದು ಅಜರೇಟಂ ಎಂಬ ಬೇರೆ ಕಳೆಯ ಗಿಡಗಳೆಂದು ಸಸ್ಯಶಾಸ್ತ್ರ ಬಲ್ಲ ಸ್ನೇಹಿತರೊಬ್ಬರು ಚಿತ್ರಗಳನ್ನು ನೋಡಿ ತಿಳಿಸಿದರು. ಅಂದಿನಿಂದ ಎಲೆಯನ್ನು ಮೊದಲು ನೋಡುತ್ತೇನೆ. ಕ್ರೊಮೊಲೀನಾದ ಎದುರುಬದುರಾಗಿ ಮೂಡುವ, ತುದಿ ಚೂಪಾದ, ತ್ರಿಕೋನಾಕಾರದ ಎಲೆಯ ಬುಡದ ಬಳಿ ಮೂರು ನರಗಳು ತ್ರಿಶೂಲದಂತೆ ಕವಲೊಡೆಯುತ್ತವೆ. ಆದರೆ ಅಜರೇಟಂ ಎಲೆಯಲ್ಲಿಯೂ ಬುಡದಿಂದ ಮೂರು ನರಗಳು ಹೊರಡುವುದರಿಂದ ತ್ರಿಶೂಲವೊಂದೇ ಸಾಲದು, ಹಿಸುಕಿದಾಗ ಬರುವ ಕಟುವಾಸನೆಯೂ ಸಾಲದು. ಅನುಮಾನ ಬಂದಾಗ ನನಗೆ ನೆರವಾದದ್ದು ಬೀಜ: ಕ್ರೊಮೊಲೀನಾದ ಬೀಜಕ್ಕೆ ಗಾಳಿಯಲ್ಲಿ ತೇಲಿಸುವ ಬಿಳಿ ಕೂದಲಿನ ಕುಚ್ಚಿದ್ದರೆ, ಅಜರೇಟಂ ಬೀಜದ ತಲೆಯ ಮೇಲೆ ಮಸೂರದಲ್ಲಿ ಕಾಣುವಂತೆ ಪುಟ್ಟ ಹುರುಪೆಗಳಿರುತ್ತವೆ.

ಪ್ರತಿ ದಾಖಲೆಗೂ ಇಡೀ ಗಿಡ, ಎಲೆಯ ಎರಡೂ ಮುಖ, ಹೂವು ಅಥವಾ ಬೀಜದ ಚಿತ್ರ ತೆಗೆಯುತ್ತೇನೆ. ನೆರಳುಮರಗಳ ಕೆಳಗೆ ಮೊಬೈಲ್‌ನ ಜಿಪಿಎಸ್ ತಪ್ಪುವುದುಂಟು. ಆದ್ದರಿಂದ ದೋಷದ ಅಂತರ 10 ಮೀಟರ್‌ಗಿಂತ ಕಡಿಮೆಯಾಗುವವರೆಗೆ ಕಾದು, ಆ ಅಂಕಿಯನ್ನೂ ದಿನಾಂಕದ ಜೊತೆ ಬರೆಯುತ್ತೇನೆ. ಪೊದೆಯ ಅಗಲವನ್ನು ಹೆಜ್ಜೆಗಳಲ್ಲಿ ಅಳೆಯುತ್ತೇನೆ. ಬೀಜದ ಕಾಲದಲ್ಲಿ ಬಟ್ಟೆ, ಬೂಟುಗಳನ್ನು ಅಲ್ಲಿಯೇ ಕೊಡವಿ ಮುಂದೆ ಹೋಗುತ್ತೇನೆ, ಏಕೆಂದರೆ ಅದನ್ನು ಹುಡುಕಲು ಹೊರಟವನೇ ಹರಡಬಾರದು.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಗಿಡ ಕಾಣದ ಜಾಗಗಳ ದಾಖಲೆ. ನಡೆದು ನೋಡಿದ ದಾರಿಯ ಪ್ರತಿ ತುಂಡಿಗೂ ‘ಹುಡುಕಿದೆ, ಇಲ್ಲ’ ಎಂದು ಬರೆಯದಿದ್ದರೆ, ಖಾಲಿ ಬಿಟ್ಟ ಜಾಗದಲ್ಲಿ ಗಿಡವಿರಲಿಲ್ಲವೋ ನಾನೇ ಹೋಗಿರಲಿಲ್ಲವೋ ಎಂಬುದು ಮುಂದೆ ತಿಳಿಯುವುದಿಲ್ಲ. ಹಳ್ಳದ ದಂಡೆಯ ಬಗ್ಗೆ ಎರಡು ವರ್ಷ ಹಾಗೆಯೇ ಬರೆದಿದ್ದೆ. ಈ ಸಲ ಮಳೆಗಾಲದ ಆರಂಭದಲ್ಲಿ ಅಲ್ಲಿ ಮೂರು ಸಸಿಗಳು ಸಿಕ್ಕವು. ಚಿತ್ರ ತೆಗೆದು, ಸ್ಥಳ ಗುರುತಿಸಿ, ಮಣ್ಣು ಮೆತ್ತಗಿದ್ದಾಗಲೇ ಬೇರುಸಮೇತ ಕಿತ್ತೆ.