ಟರ್ಕಿಯಲ್ಲಿ ಒಬ್ಬರೇ ಬಸ್ಸಲ್ಲಿ ಸುತ್ತುವವರಿಗೆ

ಇಸ್ತಾಂಬುಲ್‌ನಿಂದ ಕಪಡೋಕಿಯಾ ಎಂಬ ಬಂಡೆ-ಕಣಿವೆಗಳ ಪ್ರದೇಶಕ್ಕೆ ರಾತ್ರಿ ಬಸ್ ಹಿಡಿಯುವವರು ಟಿಕೆಟ್ ತೆಗೆಯುವಾಗಲೇ ಒಂದು ಮಾತು ಕೇಳಿ: ಬಸ್ಸು ಪ್ರವಾಸಿಗರು ತಂಗುವ ಗೊರೆಮೆ ಊರಿನ ತನಕ ಹೋಗುತ್ತದಾ, ಇಲ್ಲಾ ಹತ್ತಿರದ ಪಟ್ಟಣ ನೆವ್‌ಶೆಹಿರ್‌ನಲ್ಲೇ ಇಳಿಸುತ್ತಾರಾ? ನಾನು ಕೇಳಿರಲಿಲ್ಲ. ರಾತ್ರಿಯಿಡೀ ಕೂತು ಬಂದವನನ್ನು ಬೆಳಗಿನ ಚಳಿಯಲ್ಲಿ ನೆವ್‌ಶೆಹಿರ್‌ನಲ್ಲಿ ಇಳಿಸಿದರು. ಗೊರೆಮೆ ಇನ್ನೂ ಸುಮಾರು ಹತ್ತು ಕಿಲೋಮೀಟರ್ ದೂರ ಇತ್ತು. ಎಷ್ಟೋ ಬಸ್ಸಿನವರು ಅಲ್ಲಿಂದ 'ಸೆರ್ವಿಸ್' ಎಂಬ ಸಣ್ಣ ವ್ಯಾನ್ ಬಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಎಲ್ಲಿ ನಿಲ್ಲುತ್ತದೆ ಅಂತ ಇಳಿಯುವ ಮೊದಲೇ ಕೇಳಿಕೊಳ್ಳಿ. ಟ್ಯಾಕ್ಸಿಯವರ ಜೊತೆ ಮಾತು ಆಮೇಲೆ.

ಬಸ್ಸು ಮಾತ್ರ ಸೊಗಸು. ಹೆಚ್ಚಿನವುಗಳಲ್ಲಿ ಒಂದು ಬದಿ ಜೋಡಿ ಸೀಟು, ಇನ್ನೊಂದು ಬದಿ ಒಂಟಿ. ಒಂಟಿ ಸೀಟನ್ನೇ ಹಿಡಿಯಿರಿ. ದಾರಿಯಲ್ಲಿ ಚಹಾನೂ ಕೊಡುತ್ತಾರೆ! ನಿಲ್ದಾಣದ ಶೌಚಾಲಯಕ್ಕೆ ಚಿಲ್ಲರೆ ಲೀರಾ ಜೇಬಲ್ಲಿರಲಿ.

ನಡೆಯುವುದಕ್ಕೆ ನನ್ನ ಆಯ್ಕೆ ಪಾರಿವಾಳ ಕಣಿವೆ. ಅದರೊಳಗೆ ಗೊರೆಮೆಯಿಂದ ಉಚಿಸಾರ್ ಊರಿನ ಕೋಟೆಗೆ ಸುಮಾರು 4 ಕಿಲೋಮೀಟರ್. ಆದರೆ ಅದು ಏರು ದಾರಿ. ಮಿನಿಬಸ್ಸಲ್ಲಿ ಉಚಿಸಾರ್‌ಗೆ ಹೋಗಿ, ಇಳಿಯುತ್ತಾ ಬನ್ನಿ. ಬಂಡೆಗಳ ತುಂಬ ಪಾರಿವಾಳಕ್ಕೆಂದು ಕೊರೆದ ಗೂಡುಗಳಿವೆ. ಹಿಂದೆ ಅವುಗಳ ಹಿಕ್ಕೆಯೇ ದ್ರಾಕ್ಷಿ ತೋಟಕ್ಕೆ ಗೊಬ್ಬರ. ಮಳೆ ಬಂದ ಮರುದಿನ ಬೇಡ, ಮಣ್ಣು ಜಾರುತ್ತದೆ.

ಸಸ್ಯಾಹಾರಿಗಳು 'ಮೆರ್ಜಿಮೆಕ್ ಚೋರ್ಬಾ' ಕೇಳಿ. ಮಸೂರ್ ಬೇಳೆ ಸೂಪು, ಹೆಚ್ಚುಕಮ್ಮಿ ನಮ್ಮ ಬೇಳೆಕಟ್ಟೇ ಅಲ್ವಾ! ಕೆಲವೆಡೆ ಮಾಂಸದ ನೀರು ಹಾಕಿರುತ್ತಾರೆ. 'ಎತ್‌ಸಿಜ್?' ಅಂದರೆ 'ಮಾಂಸ ಇಲ್ಲ ತಾನೇ?' ಎಂದು ಕೇಳಿದ ಹಾಗೆ.