ಎರಡು ಪ್ರೊಸೆಸರ್‌ಗಳ ವರ್ಕ್‌ಸ್ಟೇಷನ್ ಜೋಡಿಸುವುದು ಹೇಗೆ?

ಡ್ರೋನ್ ತೆಗೆದ ಸಾವಿರಾರು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ ಕಾಫಿ ತೋಟದ ಮೂರು ಆಯಾಮದ ನಕ್ಷೆ ಮಾಡುವವರಿಗೆ, ಕಟ್ಟಡದ ಒಳಾಂಗಣವನ್ನು ಬ್ಲೆಂಡರ್ ತಂತ್ರಾಂಶದಲ್ಲಿ ರೆಂಡರ್ ಮಾಡುವ ವಿನ್ಯಾಸಕಾರರಿಗೆ, ಇಳಿಜಾರಿನ ಮೇಲೆ ಮಳೆನೀರು ಹರಿಯುವ ದಾರಿಯನ್ನು ಲೆಕ್ಕ ಹಾಕುವ ಸಂಶೋಧನಾ ವಿದ್ಯಾರ್ಥಿಗಳಿಗೆ ಸಾಮಾನ್ಯ ಕಂಪ್ಯೂಟರ್ ಸಾಲದು. ಗುಡ್ಡ ಯಾವ ಕಡೆಗೆ ಜಾರಬಹುದು ಎಂಬುದು 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಕೊಡಗಿನವರಿಗೆ ಬರೀ ಪಠ್ಯಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಇಂಥ ಲೆಕ್ಕಗಳು ಕೇಳುವುದು ಹೆಚ್ಚು ಕೋರ್‌ಗಳನ್ನು (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳನ್ನು) ಮತ್ತು ಅದಕ್ಕಿಂತ ಮುಖ್ಯವಾಗಿ ಹೆಚ್ಚು ಮೆಮೊರಿಯನ್ನು. ಇವೆರಡನ್ನೂ ಒಟ್ಟಿಗೆ ಕೊಡುವ ಒಂದು ದಾರಿಯೆಂದರೆ ದೊಡ್ಡ ಮದರ್‌ಬೋರ್ಡಿನ ಮೇಲೆ ಎರಡು ಪ್ರೊಸೆಸರ್‌ಗಳನ್ನು ಕೂರಿಸಿದ ವರ್ಕ್‌ಸ್ಟೇಷನ್.

ಇದು ನಿಜವಾಗಿಯೂ ಬೇಕೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಎಎಂಡಿಯ ಥ್ರೆಡ್‌ರಿಪ್ಪರ್ ಪ್ರೊ ಸಾಲಿನಲ್ಲಿ ಒಂದೇ ಪ್ರೊಸೆಸರಿನೊಳಗೆ 96 ಕೋರ್‌ಗಳವರೆಗೆ ಸಿಗುವ ಈ ಕಾಲದಲ್ಲಿ ಕೋರ್‌ಗಳ ಸಂಖ್ಯೆಗಾಗಿ ಮಾತ್ರ ಎರಡು ಪ್ರೊಸೆಸರ್‌ಗಳ ಗೊಡವೆಗೆ ಹೋಗಬೇಕಾಗಿಲ್ಲ. ಅರ್ಧ ಟೆರಾಬೈಟಿಗೂ ಮೀರಿದ ಮೆಮೊರಿ ಬೇಕಾದವರಿಗೆ, ಹಲವು ಗ್ರಾಫಿಕ್ಸ್ ಕಾರ್ಡ್‌ಗಳನ್ನೂ ವೇಗದ ಡಿಸ್ಕ್‌ಗಳನ್ನೂ ಒಂದೇ ಯಂತ್ರಕ್ಕೆ ಹಾಕಬೇಕಾದವರಿಗೆ, ಅಥವಾ ದತ್ತಾಂಶ ಕೇಂದ್ರಗಳಿಂದ ಹೊರಬಂದ ಬಳಸಿದ ಸರ್ವರ್ ಭಾಗಗಳನ್ನು ಕಡಿಮೆ ಬೆಲೆಗೆ ಕೊಂಡು ಕಟ್ಟುವವರಿಗೆ ಇದು ಒಳ್ಳೆಯ ಆಯ್ಕೆ. ವಿಡಿಯೊ ಸಂಕಲನ ಮತ್ತು ಫೋಟೊ ಕೆಲಸ ಮಾತ್ರ ಮಾಡುವವರು ಅದೇ ಹಣದಲ್ಲಿ ವೇಗದ ಒಂದೇ ಪ್ರೊಸೆಸರ್ ಕೊಳ್ಳುವುದು ಮೇಲು.

ಭಾಗಗಳ ಆಯ್ಕೆ

ಎಲ್ಲ ಪ್ರೊಸೆಸರ್‌ಗಳೂ ಜೋಡಿಯಾಗಿ ಕೆಲಸ ಮಾಡುವುದಿಲ್ಲ. ಇಂಟೆಲ್‌ನ ಹಳೆಯ ಝಿಯಾನ್ ಇ5 ಸಾಲಿನಲ್ಲಿ 1600 ಸರಣಿಯವು ಒಂಟಿಯಾಗಿ ಮಾತ್ರ ನಡೆಯುತ್ತವೆ, 2600 ಸರಣಿಯವು ಜೋಡಿಯಾಗುತ್ತವೆ. ಎಎಂಡಿ ಎಪಿಕ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಪಿ’ ಅಕ್ಷರವಿದ್ದರೆ ಅದೂ ಒಂಟಿಯೇ. ಥ್ರೆಡ್‌ರಿಪ್ಪರ್ ಯಾವುದೂ ಜೋಡಿಯಾಗುವುದಿಲ್ಲ. ಎರಡೂ ಒಂದೇ ಮಾದರಿಯದಾಗಿರಬೇಕು. ಬಳಸಿದ್ದನ್ನು ಕೊಳ್ಳುವಾಗ ಲೋಹದ ಮುಚ್ಚಳದ ಮೇಲೆ ಕೊರೆದಿರುವ ಸಂಕೇತಗಳು ಎರಡರಲ್ಲೂ ಹೊಂದುತ್ತವೆಯೇ ಎಂದು ಚಿತ್ರ ತರಿಸಿಕೊಂಡು ನೋಡಬೇಕು.

ಈ ಲೇಖನದಲ್ಲಿ ಉದಾಹರಣೆಗಾಗಿ 2019ರಲ್ಲಿ ಬಂದ ಇಂಟೆಲ್ ಝಿಯಾನ್ ಗೋಲ್ಡ್ 6248 ಜೋಡಿಯನ್ನು ತೆಗೆದುಕೊಳ್ಳೋಣ. ಪ್ರತಿಯೊಂದರಲ್ಲೂ 20 ಕೋರ್, 6 ಮೆಮೊರಿ ಚಾನೆಲ್ (ಮೆಮೊರಿಗೆ ಹೋಗುವ ದಾರಿಗಳು), ಕಾರ್ಡ್ ಮತ್ತು ಡಿಸ್ಕ್‌ಗಳಿಗೆ ಹೋಗುವ 48 ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಿವೆ. ಶಾಖದ ಮಿತಿ 150 ವಾಟ್. ಇದು ಕೂರುವ ಸಾಕೆಟ್ ಎಲ್‌ಜಿಎ 3647. ಈ ಸಾಕೆಟ್‌ಗೆ ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ) ಬಿಗಿಯುವ ಚೌಕಟ್ಟು ಚೌಕ ಮತ್ತು ಕಿರಿದು ಎಂಬ ಎರಡು ಆಕಾರಗಳಲ್ಲಿ ಬರುವುದರಿಂದ ಬೋರ್ಡಿನ ಕೈಪಿಡಿ ನೋಡದೆ ಹೀಟ್‌ಸಿಂಕ್ ತರಿಸಬಾರದು.

ಮದರ್‌ಬೋರ್ಡಿನ ಅಳತೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸಾಮಾನ್ಯ ಎಟಿಎಕ್ಸ್ ಬೋರ್ಡಿನ ಅಳತೆ 305 × 244 ಮಿ.ಮೀ. ಎರಡು ಸಾಕೆಟ್‌ಗಳ ಬೋರ್ಡ್‌ಗಳು ಹೆಚ್ಚಾಗಿ 305 × 330 ಮಿ.ಮೀ. ಇರುತ್ತವೆ. ಇದೇ ಅಳತೆಗೆ ಇ-ಎಟಿಎಕ್ಸ್ ಎಂದೂ ಎಸ್‌ಎಸ್‌ಐ ಇಇಬಿ ಎಂದೂ ಎರಡು ಹೆಸರುಗಳಿದ್ದು, ಅಳತೆ ಒಂದೇ ಆದರೂ ಸ್ಕ್ರೂ ತೂತುಗಳ ಜಾಗ ಎರಡರಲ್ಲೂ ಒಂದೇ ಆಗಿರುವುದಿಲ್ಲ. 2010ರಲ್ಲಿ ಇವಿಜಿಎ ತಂದ ಎಸ್‌ಆರ್-2 ಬೋರ್ಡ್ ಇನ್ನೂ ದೊಡ್ಡದಾಗಿ 345 × 381 ಮಿ.ಮೀ. ಇತ್ತು, ಅದಕ್ಕೆ ಹೊಂದುವ ಕ್ಯಾಬಿನೆಟ್‌ಗಳೇ ಬೆರಳೆಣಿಕೆಯವು. ಕ್ಯಾಬಿನೆಟ್ಟಿನ ವಿವರಣೆಯಲ್ಲಿ ‘ಇ-ಎಟಿಎಕ್ಸ್’ ಎಂದಷ್ಟೇ ಬರೆದಿದ್ದರೆ ನಂಬಬೇಡಿ, ಎಷ್ಟು ಮಿಲಿಮೀಟರ್ ಅಗಲದ ಬೋರ್ಡ್ ಹಿಡಿಯುತ್ತದೆ ಮತ್ತು ಇಇಬಿ ತೂತುಗಳಿವೆಯೇ ಎಂದು ಕೇಳಿಯೇ ಹಣ ಕೊಡಿ. ಕೊಡಗಿಗೆ ರೈಲು ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ ಮೈಸೂರಿನಿಂದಲೋ ತಂದ ಪೆಟ್ಟಿಗೆ ಹೊಂದದಿದ್ದರೆ ಹಿಂತಿರುಗಿಸಲು ಹೋಗಿಬರುವಷ್ಟರಲ್ಲಿ ವಾರವೇ ಕಳೆಯುತ್ತದೆ.

ಮೆಮೊರಿಯ ವಿಷಯದಲ್ಲಿ ಈ ಯಂತ್ರದ ಸ್ವಭಾವವನ್ನೇ ತಿಳಿಯಬೇಕಾಗುತ್ತದೆ. ಪ್ರತಿ ಪ್ರೊಸೆಸರಿಗೂ ಅದರದೇ ಮೆಮೊರಿ ಸ್ಲಾಟ್‌ಗಳಿರುತ್ತವೆ. ರಸ್ತೆಯ ಆಚೆ ಈಚೆ ಇರುವ ಎರಡು ತೋಟಗಳಿಗೆ ತಮ್ಮ ತಮ್ಮ ಗೋದಾಮು ಇರುವಂತೆ: ಸ್ವಂತ ಗೋದಾಮಿನ ಸರಕು ಬೇಗ ಕೈಗೆ ಸಿಗುತ್ತದೆ, ಪಕ್ಕದ ತೋಟದ್ದನ್ನು ತರಬೇಕಾದರೆ ರಸ್ತೆ ದಾಟಬೇಕು. ಈ ಏರ್ಪಾಡಿಗೆ ನ್ಯೂಮಾ ಎಂದು ಹೆಸರು, ರಸ್ತೆಯ ಜಾಗದಲ್ಲಿರುವ ಕೊಂಡಿಗೆ ಯುಪಿಐ (ಹಣ ಪಾವತಿಯ ಯುಪಿಐ ಅಲ್ಲ) ಎಂದು ಹೆಸರು. ಹಾಗಾಗಿ ಒಂದು ಪ್ರೊಸೆಸರಿನ ಕಡೆ ಮಾತ್ರ ಮೆಮೊರಿ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟರೆ ಕೊಟ್ಟ ಹಣದ ಅರ್ಧ ವ್ಯರ್ಥ. ನಮ್ಮ ಉದಾಹರಣೆಯಲ್ಲಿ ಪ್ರತಿ ಕಡೆ 16 ಜಿಬಿಯ ಆರಾರು ಮಾಡ್ಯೂಲ್‌ಗಳನ್ನು ಹಾಕಿದರೆ ಎಲ್ಲ ಚಾನೆಲ್‌ಗಳೂ ತುಂಬಿ ಒಟ್ಟು 192 ಜಿಬಿ ಆಗುತ್ತದೆ. 64 ಜಿಬಿಯ ಮೂರೇ ಮಾಡ್ಯೂಲ್ ಹಾಕಿದರೂ ಒಟ್ಟು ಅಷ್ಟೇ ಬರುತ್ತದೆ, ಆದರೆ ವೇಗ ಬಹಳ ಕುಸಿಯುತ್ತದೆ. ಮಾಡ್ಯೂಲ್‌ಗಳು ಆರ್‌ಡಿಮ್ ಎಂಬ ರಿಜಿಸ್ಟರ್ಡ್ ಇಸಿಸಿ (ತಪ್ಪುಗಳನ್ನು ತಾನೇ ತಿದ್ದುವ) ಬಗೆಯವಾಗಿರಬೇಕು. ಮನೆಯ ಕಂಪ್ಯೂಟರಿನ ಮೆಮೊರಿ ಇಲ್ಲಿ ನಡೆಯುವುದಿಲ್ಲ, ಆರ್‌ಡಿಮ್ ಜೊತೆಗೆ ಎಲ್‌ಆರ್‌ಡಿಮ್ ಎಂಬ ಇನ್ನೊಂದು ಬಗೆಯ ಸರ್ವರ್ ಮೆಮೊರಿಯನ್ನು ಬೆರೆಸುವಂತೆಯೂ ಇಲ್ಲ.

ವಿದ್ಯುತ್ತು ಮತ್ತು ತೇವ

ಎರಡು ಪ್ರೊಸೆಸರ್‌ಗಳಿಗೆ 300 ವಾಟ್, ಆರ್‌ಟಿಎಕ್ಸ್ 4070ರಂಥ ಗ್ರಾಫಿಕ್ಸ್ ಕಾರ್ಡಿಗೆ 200 ವಾಟ್, ಮೆಮೊರಿ, ಡಿಸ್ಕ್, ಫ್ಯಾನ್ ಮತ್ತು ಬೋರ್ಡಿಗೆ ಸುಮಾರು 150 ವಾಟ್ ಎಂದುಕೊಂಡರೆ ಒಟ್ಟು 650 ವಾಟ್. ಕ್ಷಣಿಕ ಏರಿಕೆಗಳನ್ನು ತಾಳಿಕೊಳ್ಳಲು 1000 ವಾಟಿನ ಉತ್ತಮ ದರ್ಜೆಯ ಪವರ್ ಸಪ್ಲೈ ಬೇಕು. ಪ್ರತಿ ಪ್ರೊಸೆಸರಿಗೆ ಬೇರೆ ಬೇರೆ 8 ಪಿನ್ ಇಪಿಎಸ್ ಕೇಬಲ್ ಅದರಲ್ಲಿ ಇರಲೇಬೇಕು. ಒಂದನ್ನೇ ಕವಲೊಡೆಸುವ ಅಡಾಪ್ಟರ್ ಬಳಸಬಾರದು.

ಪವರ್ ಸಪ್ಲೈ ಆಯ್ಕೆಗಿಂತ ಹೆಚ್ಚಿನ ಗಮನ ಗೋಡೆಯ ಸಾಕೆಟ್ಟಿನ ಕಡೆಗೆ ಇರಲಿ. ಮಳೆಗಾಲದಲ್ಲಿ ಚೆಸ್ಕಾಂ ತಂತಿಗಳ ಮೇಲೆ ಮರ ಬಿದ್ದು ವಿದ್ಯುತ್ ಹೋಗುವುದು, ಮತ್ತೆ ಬರುವಾಗ ವೋಲ್ಟೇಜ್ ಏರುಪೇರಾಗುವುದು, ಏಪ್ರಿಲ್–ಮೇ ತಿಂಗಳ ಗುಡುಗು ಸಹಿತ ಮಳೆಯಲ್ಲಿ ಸಿಡಿಲಿನ ಹೊಡೆತ ಬರುವುದು ಇಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ. ಮನೆಯ ಅರ್ಥಿಂಗ್ ಗುಂಡಿಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ, ಮುಖ್ಯ ಫಲಕದಲ್ಲಿ ಸರ್ಜ್ ರಕ್ಷಕ ಹಾಕಿಸಿದ ಮೇಲೆಯೇ ಯಂತ್ರವನ್ನು ತರಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ರಕ್ಷಕಕ್ಕೆ ಹೊಡೆತವನ್ನು ಇಳಿಸಲು ಜಾಗವೇ ಇರುವುದಿಲ್ಲ. ತೋಟದ ಮನೆಗಳಲ್ಲಿ ಡೀಸೆಲ್ ಜನರೇಟರ್ ಬಳಸುವವರು ಸಾಮಾನ್ಯ ಯುಪಿಎಸ್ ಬದಲು ‘ಆನ್‌ಲೈನ್’ ಬಗೆಯ 2 ಕೆವಿಎ ಯುಪಿಎಸ್ ತೆಗೆದುಕೊಳ್ಳಲಿ. ಜನರೇಟರಿನ ಆವರ್ತನ 50 ಹರ್ಟ್ಸ್‌ನಿಂದ ಆಚೀಚೆ ಆದಾಗ ಸಾಮಾನ್ಯ ಯುಪಿಎಸ್‌ಗಳು ಅದನ್ನು ಒಪ್ಪದೆ ಬ್ಯಾಟರಿಗೆ ಹೋಗಿ, ಕೊನೆಗೆ ಕೈಕೊಡುತ್ತವೆ. ಇಂಟರ್‌ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಗುಡುಗು ಶುರುವಾಗುವ ಮೊದಲೇ ಅದನ್ನೂ ಕಳಚಿಡಬೇಕು. ಪವರ್ ಕಡೆ ಎಷ್ಟೇ ಕಾವಲಿದ್ದರೂ ಸಿಡಿಲು ಆ ದಾರಿಯಿಂದ ಬರಬಲ್ಲುದು.

ಇನ್ನು ತೇವ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತಂಪು ಹವೆ ಯಂತ್ರಕ್ಕೆ ಅನುಕೂಲವೇ. ಆದರೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ತೇವ ಲೋಹದ ಸಂಪರ್ಕಗಳನ್ನು ತಿನ್ನುತ್ತದೆ, ಧೂಳಿನ ಪದರದ ಮೇಲೆ ಕುಳಿತು ವಿದ್ಯುತ್ ಸೋರುವ ದಾರಿ ಮಾಡುತ್ತದೆ. ತೆರೆದ ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೆಮ್ಮದಿಯಾಗಿರುವುದು ಸರಿಯಲ್ಲ, ಅದು ಬಹುಬೇಗ ನೆನೆದು ನಿಷ್ಪ್ರಯೋಜಕವಾಗುತ್ತದೆ. ಯಂತ್ರವನ್ನು ದಿನವೂ ಕೆಲವು ಗಂಟೆ ನಡೆಸುವುದೇ ಒಳ್ಳೆಯ ಉಪಾಯ. ಅದರ ಸ್ವಂತ ಬಿಸಿ ಅದನ್ನು ಒಣಗಿಸುತ್ತದೆ. ವಾರಗಟ್ಟಲೆ ಮುಚ್ಚಿಟ್ಟಿದ್ದರೆ ಕೋಣೆಯ ತೇವ ಇಳಿಸುವ ಡಿಹ್ಯುಮಿಡಿಫೈಯರ್ ಓಡಿಸಿದ ನಂತರ ಸ್ವಿಚ್ ಒತ್ತಬೇಕು. ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಯಾದರೆ ಕೊಯ್ಲಿನ ಕಾಲದಲ್ಲಿ ಮುಂಭಾಗದ ಫಿಲ್ಟರನ್ನು ಆಗಾಗ ತೊಳೆಯಬೇಕಾಗುತ್ತದೆ. ಖಾಲಿ ಸ್ಲಾಟ್‌ಗಳ ಹಿಂದಿನ ಮುಚ್ಚಳಗಳನ್ನು ತೆಗೆದು ಎಸೆಯಬೇಡಿ, ಇರುವೆ ಮತ್ತು ಹಲ್ಲಿಗಳು ಬರುವುದೇ ಅಲ್ಲಿಂದ.

ಜೋಡಣೆಗೆ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ನಂತರದ ಒಣ ದಿನಗಳು ಸೂಕ್ತ. ಆಗ ಹವೆಯಲ್ಲಿ ತೇವ ಕಡಿಮೆಯಿರುವ ಕಾರಣ ಸ್ಥಿರ ವಿದ್ಯುತ್ತಿನ ಭಯ ಹೆಚ್ಚು. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡೇ ಕೆಲಸ ಮಾಡಬೇಕು. ಚಳಿಯಲ್ಲಿ ರಾತ್ರಿ ಬಸ್ಸಿನಲ್ಲಿ ಬಂದ ಪೆಟ್ಟಿಗೆಯನ್ನು ಕೂಡಲೇ ಒಡೆಯದೆ ಕೆಲವು ಗಂಟೆ ಕೋಣೆಯಲ್ಲಿ ಹಾಗೆಯೇ ಬಿಟ್ಟರೆ ತಣ್ಣನೆಯ ಬೋರ್ಡಿನ ಮೇಲೆ ನೀರು ಕಟ್ಟುವುದಿಲ್ಲ.

ಜೋಡಣೆ

ಬೋರ್ಡನ್ನು ಮೊದಲು ಕ್ಯಾಬಿನೆಟ್ಟಿನ ಹೊರಗೆ, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟು ಪರೀಕ್ಷಿಸಬೇಕು. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ 3,647 ಸೂಕ್ಷ್ಮ ಪಿನ್‌ಗಳು ಕಾಣುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ನೋಡಿ: ಸರಿಯಿರುವ ಪಿನ್‌ಗಳು ಒಂದೇ ಸಾಲಿನಲ್ಲಿ ಒಂದೇ ಬಗೆಯಾಗಿ ಮಿನುಗುತ್ತವೆ, ಬಾಗಿದ ಪಿನ್ ಇರುವ ಕಡೆ ಆ ಸಾಲು ತುಂಡಾದಂತೆ ಕಾಣುತ್ತದೆ. ಬಳಸಿದ ಬೋರ್ಡನ್ನು ಕೊಂಡವರು ಈ ಪರೀಕ್ಷೆಯನ್ನು ಮಾರಿದವರ ಎದುರಿನಲ್ಲೇ ಮಾಡುವುದು ಕ್ಷೇಮ. ಒಂದು ಪಿನ್ ಬಾಗಿದ್ದರೂ ಯಂತ್ರ ಚಾಲೂ ಆಗಬಹುದು, ಆದರೆ ಒಂದು ಮೆಮೊರಿ ಚಾನೆಲ್ ಮಾತ್ರ ಕಾಣೆಯಾಗಿರುತ್ತದೆ, ಕಾರಣ ಹುಡುಕಲು ದಿನಗಳೇ ಹಿಡಿಯುತ್ತವೆ.

ಈ ಸಾಕೆಟ್ಟಿನಲ್ಲಿ ಪ್ರೊಸೆಸರನ್ನು ನೇರವಾಗಿ ಬೋರ್ಡಿನ ಮೇಲೆ ಇಡುವುದಿಲ್ಲ. ಮೊದಲು ಅದನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಸಿಕ್ಕಿಸಿ, ಶಾಖವಾಹಕ ಪೇಸ್ಟ್ ಹಚ್ಚಿ, ಚೌಕಟ್ಟನ್ನು ಹೀಟ್‌ಸಿಂಕ್‌ಗೆ ಕೂರಿಸಿ, ಎಲ್ಲವನ್ನೂ ಒಟ್ಟಿಗೆ ಮಾರ್ಗದರ್ಶಿ ಕಂಬಗಳ ಮೇಲೆ ನೇರವಾಗಿ ಇಳಿಸಬೇಕು. ತ್ರಿಕೋನದ ಗುರುತು ಎರಡೂ ಕಡೆ ಹೊಂದಿರಲಿ. ಪ್ರೊಸೆಸರಿನ ಉದ್ದ 76 ಮಿ.ಮೀ. ಇರುವುದರಿಂದ ನಡುವೆ ಒಂದು ಚುಕ್ಕೆ ಪೇಸ್ಟ್ ಸಾಲದು. ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆಗಳನ್ನು ಎಳೆದು ನಡುವಿನ ಖಾಲಿ ಜಾಗಗಳಲ್ಲಿ ಸಣ್ಣ ಚುಕ್ಕೆಗಳನ್ನು ಇಡಬೇಕು. ಟಿ30 ಟಾರ್ಕ್ಸ್ ಬಿಟ್ಟಿನಿಂದ ನಾಲ್ಕು ಸ್ಕ್ರೂಗಳನ್ನು ಅವುಗಳ ಪಕ್ಕದಲ್ಲಿ ಅಚ್ಚಾಗಿರುವ 1, 2, 3, 4ರ ಕ್ರಮದಲ್ಲಿ ಬಿಗಿಯಬೇಕು, ಬಿಚ್ಚುವಾಗ ತಿರುವುಮುರುವು. ಬಿಗಿತ 12 ಇಂಚು-ಪೌಂಡ್, ಅಂದರೆ ಸುಮಾರು 1.4 ನ್ಯೂಟನ್-ಮೀಟರ್. ಅಂದಾಜಿನ ಮೇಲೆ ಬಿಗಿಯುವುದಕ್ಕಿಂತ ಟಾರ್ಕ್ ಸ್ಕ್ರೂಡ್ರೈವರ್ ಒಂದನ್ನು ತರಿಸಿಕೊಳ್ಳುವುದು ಒಳ್ಳೆಯದು. ಕ್ರಮ ತಪ್ಪಿದರೆ ಭಾರ ಒಂದೇ ಮೂಲೆಗೆ ಬಿದ್ದು ಪಿನ್‌ಗಳಿಗೇ ಪೆಟ್ಟು.

ಮೊದಲ ಪರೀಕ್ಷೆಗೆ ಒಂದನೇ ಸಾಕೆಟ್ಟಿನ ಪ್ರೊಸೆಸರ್ ಮತ್ತು ಅದರ ಒಂದು ಮಾಡ್ಯೂಲ್ ಮಾತ್ರ ಸಾಕು. ಇಂಥ ಬೋರ್ಡ್‌ಗಳಲ್ಲಿ ಬಿಎಂಸಿ ಎಂಬ ಪುಟ್ಟ ನಿಯಂತ್ರಕವಿದ್ದು, ಅದು ಎಚ್ಚರಗೊಳ್ಳಲು ಒಂದೆರಡು ನಿಮಿಷ ಬೇಕು. ನಂತರ ಮೆಮೊರಿ ಪರಿಶೀಲನೆಗೆ ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ. ಪರದೆ ಕಪ್ಪಾಗಿದೆಯೆಂದು ಗಾಬರಿಗೊಂಡು ವಿದ್ಯುತ್ ಕಡಿತಗೊಳಿಸಬೇಡಿ. ಚಿತ್ರ ಬಂದ ಮೇಲೆ ಯಂತ್ರ ಆರಿಸಿ, ಎರಡನೇ ಪ್ರೊಸೆಸರ್ ಕೂರಿಸಿ, ಕೈಪಿಡಿ ಹೇಳಿದ ಸ್ಲಾಟ್‌ಗಳಿಗೆ ಉಳಿದ ಮೆಮೊರಿ ತುಂಬಿ. ಎರಡನೇ ಪ್ರೊಸೆಸರ್ ಇಲ್ಲದಿದ್ದಾಗ ಅದಕ್ಕೆ ಸೇರಿದ ಪಿಸಿಐ ಸ್ಲಾಟ್‌ಗಳೂ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ.

ಕ್ಯಾಬಿನೆಟ್ಟಿಗೆ ಇಳಿಸುವ ಮುನ್ನ ಸ್ಟ್ಯಾಂಡ್‌ಆಫ್ ಎನ್ನುವ ಹಿತ್ತಾಳೆಯ ಗಿಡ್ಡ ಕಾಲುಗಳನ್ನು ಬೋರ್ಡಿನ ತೂತುಗಳಿಗೆ ಒಂದೊಂದಾಗಿ ಹೋಲಿಸಿ ನೋಡಬೇಕು. ತೂತಿಲ್ಲದ ಕಡೆ ಉಳಿದ ಒಂದೇ ಒಂದು ಕಾಲು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆದರೆ ಎಲ್ಲ ಶ್ರಮವೂ ಅಲ್ಲಿಗೆ ಮುಗಿಯಿತು. ಗ್ರಾಫಿಕ್ಸ್ ಕಾರ್ಡ್ ಮತ್ತು ಮುಖ್ಯ ಡಿಸ್ಕ್ ಎರಡನ್ನೂ ಒಂದೇ ಪ್ರೊಸೆಸರಿಗೆ ಸೇರಿದ ಸ್ಲಾಟ್‌ಗಳಿಗೆ ಹಾಕಿ. ಸಾಕೆಟ್‌ಗಳು ಒಂದರ ಹಿಂದೆ ಒಂದು ಇರುವ ಬೋರ್ಡಾದರೆ ಹಿಂದಿನದು ಮುಂದಿನದರ ಬಿಸಿಗಾಳಿಯನ್ನೇ ಕುಡಿಯುತ್ತದೆ. ಅಲ್ಲಿ ಗಾಳಿಯನ್ನು ನೇರ ಹೊರಗೆ ಎಳೆಯುವ ಫ್ಯಾನ್ ಇರಲಿ. ನಿಧಾನ ತಿರುಗುವ ಸದ್ದಿಲ್ಲದ ಫ್ಯಾನ್‌ಗಳನ್ನು ಕಂಡು ಬಿಎಂಸಿ ಅವು ಕೆಟ್ಟಿವೆಯೆಂದು ತಿಳಿದು ಪದೇ ಪದೇ ಪೂರ್ಣ ವೇಗಕ್ಕೆ ಏರಿಸುವುದುಂಟು. ಆಗ ಬಿಎಂಸಿಯಲ್ಲಿ ವೇಗದ ಕೆಳಮಿತಿಯನ್ನು ಇಳಿಸಬೇಕು. ಅದರ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಆ ನೆಟ್‌ವರ್ಕ್ ಕಿಂಡಿಯನ್ನು ಎಂದಿಗೂ ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ.

ತಂತ್ರಾಂಶ ಮತ್ತು ಪರೀಕ್ಷೆ

ವಿಂಡೋಸ್ ಹೋಮ್ ಆವೃತ್ತಿ ಒಂದೇ ಪ್ರೊಸೆಸರನ್ನು ಬಳಸುತ್ತದೆ. ಎರಡಕ್ಕೆ ಕನಿಷ್ಠ ಪ್ರೊ ಆವೃತ್ತಿ ಬೇಕು. ಪ್ರತಿ ಕೋರ್ ಏಕಕಾಲಕ್ಕೆ ಎರಡು ಕೆಲಸದ ಎಳೆಗಳನ್ನು (ಥ್ರೆಡ್) ನಡೆಸುವುದರಿಂದ ನಮ್ಮ 40 ಕೋರ್‌ಗಳು 80 ಥ್ರೆಡ್‌ಗಳಾಗಿ ಕಾಣುತ್ತವೆ, ವಿಂಡೋಸ್ 64ಕ್ಕಿಂತ ಹೆಚ್ಚಿನದನ್ನು ಗುಂಪುಗಳಾಗಿ ಒಡೆಯುತ್ತದೆ, ಹಳೆಯ ತಂತ್ರಾಂಶಗಳು ಒಂದೇ ಗುಂಪನ್ನು ಬಳಸಿ ಯಂತ್ರದ ಅರ್ಧಭಾಗವನ್ನು ಸುಮ್ಮನೆ ಕೂರಿಸುತ್ತವೆ. ನಕ್ಷೆಯ ಕೆಲಸಕ್ಕೆ ಓಪನ್‌ಡ್ರೋನ್‌ಮ್ಯಾಪ್, ಕ್ಯೂಜಿಐಎಸ್ ಬಳಸುವವರಿಗೆ ಲಿನಕ್ಸ್ ಇದಕ್ಕಿಂತ ಹಿತಕರ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸಂಯೋಜನೆಯ ಪರದೆಯಲ್ಲಿ) ನ್ಯೂಮಾ ಚಾಲೂ ಇರಲಿ. ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪ್ರೊಸೆಸರಿಗೆ ಒಂದರಂತೆ ಎರಡು ನೋಡ್‌ಗಳು, ಎರಡಕ್ಕೂ ಸಮನಾದ ಮೆಮೊರಿ ಕಂಡರೆ ಜೋಡಣೆ ಸರಿಯಿದೆ.

ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಒಂದು ರಾತ್ರಿ ಪೂರ್ತಿ ಓಡಿಸಿ, ಮರುದಿನ ಎಲ್ಲ ಕೋರ್‌ಗಳಿಗೂ ಪೂರ್ಣ ಹೊರೆ ಕೊಟ್ಟು ಎರಡೂ ಪ್ರೊಸೆಸರ್‌ಗಳ ಉಷ್ಣತೆಯನ್ನು ಹೋಲಿಸಬೇಕು. ಕೆಲವು ಡಿಗ್ರಿಗಳ ವ್ಯತ್ಯಾಸ ಸಹಜ. ಹದಿನೈದು ಇಪ್ಪತ್ತು ಡಿಗ್ರಿ ಇದ್ದರೆ ಒಂದು ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಹೊರೆ ಇರುವಾಗಲೇ ಗೋಡೆಯ ಸ್ವಿಚ್ ಆರಿಸಿ ಯುಪಿಎಸ್ ಎಷ್ಟು ನಿಮಿಷ ನಿಲ್ಲುತ್ತದೆಂದು ನೋಡಿ, ಅದಕ್ಕೆ ತಕ್ಕಂತೆ ತಾನಾಗಿ ಆರುವ ಸಮಯವನ್ನು ಹೊಂದಿಸಿ.

ದುರಸ್ತಿಗಾಗಿ ಯಂತ್ರವನ್ನು ಘಟ್ಟದ ರಸ್ತೆಯಲ್ಲಿ ಒಯ್ಯಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಬೋರ್ಡ್ ನೆಲಕ್ಕೆ ಸಮಾಂತರವಾಗಿ ಇರುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಒಯ್ಯಿರಿ, ಇಲ್ಲದಿದ್ದರೆ ಭಾರವಾದ ಹೀಟ್‌ಸಿಂಕ್‌ಗಳು ಕುಲುಕಾಟದಲ್ಲಿ ಬೋರ್ಡನ್ನು ಎಳೆಯುತ್ತವೆ. ಸಾಕೆಟ್ಟಿನ ಎರಡೂ ಪ್ಲಾಸ್ಟಿಕ್ ಮುಚ್ಚಳಗಳನ್ನು ಬಿಲ್ಲಿನ ಜೊತೆ ಜೋಪಾನವಾಗಿಡಿ. ಅವಿಲ್ಲದೆ ಬೋರ್ಡ್ ಕಳಿಸಿದರೆ ವಾರಂಟಿ ಸಿಗದೆ ಹೋಗಬಹುದು.