ಉರುಳುವ ಅಡಿಕೆ, ಎರಡು ಕ್ಯಾಮೆರಾ, ಮೂರು ಸೀಸನ್

ಕಳೆದ ಸೀಸನ್ನಿನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ, ಕ್ಯಾಮೆರಾದಿಂದ ನೋಡಿ ಅಡಿಕೆಯ ದರ್ಜೆ ಗುರುತಿಸುವ ನನ್ನ ಪೆಟ್ಟಿಗೆ ಹನ್ನೊಂದು ದಿನ ಕೆಟ್ಟು ಕೂರದೆ ಓಡಿತು. ರಾಶಿ ಇಡಿಯೊಳಗೆ (ಬೇಯಿಸಿ ಒಣಗಿಸಿದ ಒಳ್ಳೆಯ ದರ್ಜೆಯ ಇಡೀ ಅಡಿಕೆ) ಸೇರಿಕೊಂಡ ಗೊರಬಲನ್ನು (ಕೆಳದರ್ಜೆಯದು) 100ಕ್ಕೆ ಸುಮಾರು 94ರಷ್ಟು ಸರಿಯಾಗಿ ಹಿಡಿಯಿತು. "ಇದಕ್ಕೆಲ್ಲ ಸಂಶೋಧನೆ ಯಾಕ್ರೀ, ದೊಡ್ಡ ನ್ಯೂರಲ್ ನೆಟ್‌ವರ್ಕಿಗೆ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮಿಗೆ) ಒಂದು ಲಕ್ಷ ಫೋಟೋ ಸುರೀರಿ, ಮುಗೀತು" ಎಂದವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೂಲತಃ ಕಣ್ಣು ಹೇಗೆ ನೋಡುತ್ತದೆ ಅನ್ನುವ ಸಂಶೋಧನೆಯ ಕಡೆಯವನು. ಪಿಎಚ್‌ಡಿಯ ಐದು ವರ್ಷ ಕತ್ತಲೆ ಕೋಣೆಯಲ್ಲಿ ಜನರ ಗಲ್ಲವನ್ನು ಸ್ಟ್ಯಾಂಡಿಗೆ ಒರಗಿಸಿ "ಎಡಗಡೆಯದು ಜಾಸ್ತಿ ಹೊಳೆಯುತ್ತಾ, ಬಲಗಡೆಯದಾ?" ಎಂದು ಕೇಳುತ್ತಾ ಕೂತಿದ್ದೆ. 2012ರಲ್ಲಿ ಫೋಟೋದಲ್ಲಿ ಏನಿದೆ ಅಂತ ಗುರುತಿಸುವ ಅಲೆಕ್ಸ್‌ನೆಟ್ ಅನ್ನುವ ನೆಟ್‌ವರ್ಕ್ ಬಂತು. ಜೊತೆಯವರೆಲ್ಲ ಕಂಪ್ಯೂಟರಿಗೆ ನೋಡಲು ಕಲಿಸುವ ಕಂಪ್ಯೂಟರ್ ವಿಷನ್ನಿಗೆ ಜಿಗಿದರು, ನಾನೂ ಜಿಗಿದೆ. ಹೊಟ್ಟೆಪಾಡು, ಅಲ್ವಾ.

ಮೊದಲ ಸೀಸನ್ನಿನಲ್ಲಿ ನಾನೂ ಫೋಟೋ ಸುರಿದವನೇ. 6,000 ಚಿತ್ರ, 97 ಅಂಕ. ಖುಷಿಯಲ್ಲಿ ಪಕ್ಕದೂರಿಗೆ ಒಯ್ದರೆ 60ರ ಹತ್ತಿರ ಬಂತು. ಆಗಿದ್ದು ಇಷ್ಟೇ: ರಾಶಿಯನ್ನು ನೀಲಿ ಟಾರ್ಪಾಲಿನ ಮೇಲೆ ಹಾಕಿ ಫೋಟೋ ತೆಗೆದಿದ್ದೆ, ಗೊರಬಲನ್ನು ಗೋಣಿಚೀಲದ ಮೇಲೆ. ನೆಟ್‌ವರ್ಕ್ ಕಲಿತಿದ್ದು ಗೋಣಿಯನ್ನು. ಪಾಠ ಹೇಳುವಾಗ ಇದೇ ತಪ್ಪಿಗೆ ಎಷ್ಟು ಹುಡುಗರನ್ನು ಬೈದಿದ್ದೆನೋ!

ಎರಡನೇ ಸೀಸನ್ನಿನಲ್ಲಿ ಬೆಳಕಿಗೆ ಕೈ ಹಾಕಿದೆ. ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿದ ಅಡಿಕೆ ಮಿರಮಿರ ಅನ್ನುತ್ತದೆ, ಫೋಟೋದಲ್ಲಿ ಎಲ್ಲೆಲ್ಲೂ ಬಿಳಿ ಚುಕ್ಕೆ. ದೀಪಕ್ಕೊಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವುದು), ಲೆನ್ಸಿಗೆ ಅಡ್ಡಲಾಗಿ ಇನ್ನೊಂದು. ಚುಕ್ಕೆ ಮಾಯ. ಚಿತ್ರ ಚೆಂದ ಬಂತು, ಅಂಕ ಮಾತ್ರ 70 ದಾಟಲಿಲ್ಲ. ಆ ವರ್ಷ ಕೈಯಿಂದ ಹೋಗಿದ್ದು ಸುಮಾರು 1.4 ಲಕ್ಷ. ಕ್ಯಾಮೆರಾ ಒಂದಕ್ಕೇ 40 ಸಾವಿರದ ಮೇಲೆ. ಅನುದಾನ ಕೇಳಿದ ಕಡೆ "ಇದರಲ್ಲಿ ಹೊಸದೇನಿದೆ?" ಅಂದರು. ಮನೆಯಲ್ಲೂ ಬೇರೆ ಮಾತಿನಲ್ಲಿ ಅದನ್ನೇ ಕೇಳಿದರು.

ದಾರಿ ತೋರಿಸಿದ್ದು ಆ ಮನೆಗೆ ಅಡಿಕೆ ಆರಿಸಲು ಬರುವ ಅಕ್ಕ. ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿ "ಇದು ಯಾವುದು ಹೇಳಿ" ಅಂದೆ. ನಕ್ಕರು. "ಸುಮ್ನೆ ಕೂತಿರೋ ಅಡಿಕೆ ಏನ್ ಹೇಳತ್ತೆ ತಮ್ಮಾ? ಉರುಳಿಸ್ಬೇಕು." ಆಮೇಲೆ ಅವರ ಕೈಯನ್ನೇ ನೋಡುತ್ತಾ ಕೂತೆ. ಹೆಬ್ಬೆರಳಿನಿಂದ ಒಂದು ತಿರುವು, ಅಷ್ಟೇ, ಅಡಿಕೆ ಒಂದು ಗುಡ್ಡೆಗೆ ಬೀಳುತ್ತದೆ. ಅವರು ಬಣ್ಣ ನೋಡುತ್ತಿರಲಿಲ್ಲ. ಅಡಿಕೆ ತಿರುಗುವಾಗ ಹೊಳಪು ಮೈಮೇಲೆ ಹೇಗೆ ಹರಿದಾಡುತ್ತದೆ ಅಂತ ನೋಡುತ್ತಿದ್ದರು. ನಾನು ದುಡ್ಡು ಕೊಟ್ಟು ತೆಗೆದು ಹಾಕಿದ್ದು ಅದೇ ಹೊಳಪನ್ನು!

ಹಳೆಯ ಚಾಳಿ, ಪರೀಕ್ಷೆ ಮಾಡದೆ ಬಿಡಲಿಲ್ಲ. ನಾಲ್ಕು ಜನ ಆರಿಸುವವರಿಗೆ ನಿಂತ ಫೋಟೋ ತೋರಿಸಿದೆ: 100ಕ್ಕೆ 65 ಸರಿ. ಉರುಳುವ ವಿಡಿಯೋ ತೋರಿಸಿದೆ: 88ರ ಆಸುಪಾಸು. ಅದೇ ಬಿಸಿಯಲ್ಲಿ ಎಂಐಟಿಯ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಮಣೆಯ ನೆರಳಿನ ಚಿತ್ರವನ್ನೂ ತೋರಿಸಿದೆ. ನೆರಳೊಳಗಿನ ಬಿಳಿ ಚೌಕ, ಹೊರಗಿನ ಕಪ್ಪು ಚೌಕ, ಎರಡರ ಬೂದೂ ಒಂದೇ ಅಂತ ಅಕ್ಕ ಒಪ್ಪಲೇ ಇಲ್ಲ. ಸುತ್ತಲಿನದನ್ನು ಕಾಗದದಿಂದ ಮುಚ್ಚಿ ತೋರಿಸಿದ ಮೇಲೆ ಅಂದಿದ್ದು: "ನೆರಳಲ್ಲಿ ಇಷ್ಟು ಕಾಣತ್ತೆ ಅಂದ್ರೆ ಅದು ಬೆಳ್ಳಗೇ ಇರ್ಬೇಕಲ್ವಾ?" ತರಗತಿಯಲ್ಲಿ ನಾನು ಒಂದು ಗಂಟೆ ತೆಗೆದುಕೊಳ್ಳುವ ಮಾತು ಅದು.

ಮೂರನೇ ಸಲ ಇಳಿಜಾರು ತಟ್ಟೆ ಮಾಡಿದೆ. ಅಡಿಕೆ ಉರುಳುವಾಗ ಐದು ಫ್ರೇಮ್. ಕ್ಯಾಮೆರಾ ಎರಡು: ಒಂದಕ್ಕೆ ಹಾಳೆ ಅಡ್ಡ (ಹೊಳಪು ಹೋಗುತ್ತದೆ), ಇನ್ನೊಂದಕ್ಕೆ ನೇರ (ಹೊಳಪು ಉಳಿಯುತ್ತದೆ). ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು ಹೊಳಪು ಮಾತ್ರ. ಇಲ್ಲೂ ಒಂದು ಪೆಟ್ಟು ತಿಂದೆ. ಚಾವಡಿಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಚಿತ್ರದ ತುಂಬ ಪಟ್ಟೆ. ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತು) ಒಂದು ಪೂರ್ತಿ ಮಿನುಗಿನಷ್ಟು, 10 ಮಿಲಿಸೆಕೆಂಡ್ ಮಾಡಿದರೆ ಪಟ್ಟೆ ಹೋಗುತ್ತದೆ, ಆದರೆ ಉರುಳುವ ಅಡಿಕೆ ಕಲಸಿಹೋಗುತ್ತದೆ. ಕೊನೆಗೆ ಪೆಟ್ಟಿಗೆಗೆ ಕಪ್ಪು ಬಟ್ಟೆ ಮುಚ್ಚಿ, ಒಳಗೆ ಡಿಸಿಯಲ್ಲಿ (ನೇರ ವಿದ್ಯುತ್ತಿನಲ್ಲಿ) ಮಿನುಗದೆ ಉರಿಯುವ ಎಲ್‌ಇಡಿ ಹಾಕಿದೆ. ಬಿಳಿ ಅಂದರೆ ಇಷ್ಟು ಅಂತ ಕ್ಯಾಮೆರಾಕ್ಕೆ ತೋರಿಸಲು ದುಬಾರಿ ಬಿಲ್ಲೆ ಬೇಡ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಹತ್ತು ಹದಿನೈದು ಪದರ ಸುತ್ತಿದರೆ ಸಾಕು, 30 ರೂಪಾಯಿ ಕೆಲಸ.

ಈಗ ನೆಟ್‌ವರ್ಕ್ ತೀರ ಚಿಕ್ಕದು, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಮೇಲೆ ಓಡುತ್ತದೆ. ತಟ್ಟೆಯ ಇಳಿಜಾರು ಎಷ್ಟು, ಅದರ ಮೇಲೆ ಹಾಸಿದ್ದು ಏನು, ಐದು ಫ್ರೇಮನ್ನು ಹೇಗೆ ಕೂಡಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಮೂರು ಸೀಸನ್ನಿನ ಖರ್ಚು ಇನ್ನೂ ಹುಟ್ಟಿಲ್ಲ.

ಹೋಳು ಅಡಿಕೆಗೂ ಇದು ನಡೆಯುತ್ತಾ ಅಂತ ಒಬ್ಬರು ಕೇಳಿದರು. ಮೊನ್ನೆ ಹಾಕಿ ನೋಡಿದೆ. ಹೋಳು ಉರುಳುವುದಿಲ್ಲ, ಜಾರಿಕೊಂಡು ಹೋಗಿ ಲೆನ್ಸಿಗೆ ಹೊಡೆಯುತ್ತದೆ.